ತೋಟದ ಕ್ಯಾಮೆರಾ: ಅಗ್ಗದ್ದು ನಿಜಕ್ಕೂ ಅಗ್ಗವಾ?

ಅಡಿಕೆ ಗೊನೆ ಕೊಯ್ಲು ಹತ್ತಿರ ಬಂದರೆ ಸಾಗರ, ಶಿರಸಿ, ತೀರ್ಥಹಳ್ಳಿ ಕಡೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾದ್ದೇ ಮಾತು. ರಾಶಿ ಎಂಬ ದರ್ಜೆಯ ಅಡಿಕೆ ಕ್ವಿಂಟಲ್‌ಗೆ ಅರ್ಧ ಲಕ್ಷದ ಆಸುಪಾಸು ಇರುವಾಗ, ಒಣಗಿಸಿಟ್ಟ ನಾಲ್ಕು ಚೀಲ ಕಳುವಾದರೂ ಲಕ್ಷದ ಮೇಲೆ ನಷ್ಟ. ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಇಬ್ಬರೇ, ಮಕ್ಕಳು ಬೆಂಗಳೂರಲ್ಲಿ. ಹಾಗಾಗಿ ಕೊಳ್ಳುವವರಿಗೆ ಬರವಿಲ್ಲ.

ಇಷ್ಟು ಬೇಡಿಕೆ ಇದ್ದರೂ ಮಾರುವವರು ಬೆಲೆ ಏರಿಸಲು ಹೆದರುತ್ತಾರೆ. ಒಳಗಿನ ಚಿಪ್, ಸೆನ್ಸರ್ ಕೆಲವೇ ಕಂಪನಿಗಳದ್ದು, ಮೇಲಿನ ಹೆಸರು ಮಾತ್ರ ಬೇರೆ ಬೇರೆ. ಆನ್‌ಲೈನಲ್ಲಿ ಪಕ್ಕಪಕ್ಕ ಇಟ್ಟು ನೋಡುವ ಗಿರಾಕಿ ಇನ್ನೂರು ರೂಪಾಯಿ ವ್ಯತ್ಯಾಸಕ್ಕೆ ಆಚೆ ಹೋಗುತ್ತಾನೆ. ಆದ್ದರಿಂದ ಪೈಪೋಟಿಯೆಲ್ಲ ಡಬ್ಬಿಯ ಮೇಲಿನ ಬೆಲೆಯಲ್ಲೇ. ಕೊಳ್ಳುವ ನಾವು ಸೋಲುವುದೂ ಅಲ್ಲೇ, ಆಮೇಲಿನ ಖರ್ಚು ಡಬ್ಬಿಯ ಮೇಲೆ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಸಿಮ್ಮಿಗೆ 28 ದಿನಕ್ಕೆ ಸುಮಾರು 300 ರೂಪಾಯಿ. 28 ದಿನ ಅಂದರೆ ವರ್ಷಕ್ಕೆ ಹನ್ನೆರಡಲ್ಲ, 13 ರೀಚಾರ್ಜ್, ಹತ್ತಿರ ಹತ್ತಿರ 3,900 ರೂಪಾಯಿ. ಎರಡು ವರ್ಷಕ್ಕೆ ಇದು ಎಷ್ಟೋ ಕ್ಯಾಮೆರಾಗಳ ಬೆಲೆಯನ್ನೇ ದಾಟುತ್ತದೆ. ಇನ್ನು ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ವಿಡಿಯೋ ಬರುತ್ತಿದ್ದರೆ ಗಂಟೆಗೆ 450 ಎಂಬಿ ಬೇಕು, ಅಂದರೆ ಬೆಂಗಳೂರಿನ ಮಗ ಮೊಬೈಲಲ್ಲಿ ಮೂರು ಗಂಟೆ ಸುಮ್ನೆ ತೋಟ ನೋಡುತ್ತಾ ಕೂತರೆ ಆ ದಿನದ ಡೇಟಾ ಹೆಚ್ಚುಕಡಿಮೆ ಮುಗಿಯಿತು, ರಾತ್ರಿ ಕಳ್ಳ ಬಂದಾಗ ಫೋನಿಗೆ ದೃಶ್ಯ ಸರಿಯಾಗಿ ಬರುವ ಭರವಸೆ ಇಲ್ಲ. ಮೆಮೊರಿ ಕಾರ್ಡ್, ದೃಶ್ಯವನ್ನು ಇಂಟರ್ನೆಟ್ಟಿನಲ್ಲಿ ಉಳಿಸಿಡುವ ಕ್ಲೌಡ್ ಚಂದಾ ಬೇರೆ.

ಮಳೆಗಾಲದ್ದು ದೊಡ್ಡ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಅದರ ಮೇಲೆ ಮರಗಳ ನೆರಳು. ಅಂಗೈ ಅಗಲದ ಪ್ಯಾನೆಲ್ ಬ್ಯಾಟರಿ ತುಂಬಿಸುವುದು ಹೇಗೆ? ನೀಟಾದ ಫೋಟೋ ಹಾಕುವ ಜಾಹೀರಾತು ಇದನ್ನು ಹೇಳುವುದಿಲ್ಲ. ಅಂಗಳ ಮನೆಗೆ ಅಂಟಿಕೊಂಡಿದ್ದರೆ ವೈರ್ ಎಳೆದು ಯುಪಿಎಸ್ ಕೊಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸೋಲಾರ್ ದೂರದ ತೋಟಕ್ಕಿರಲಿ, ಅದೂ ಪ್ಯಾನೆಲ್ಲಿಗೆ ಬಿಸಿಲು ಬೀಳುವ ಜಾಗ ಇದ್ದರೆ.

2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳಿಗೆ ಸರ್ಕಾರದ ಹೊಸ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಹೊರಗಿನವರು ಒಳನುಗ್ಗಿ ನೋಡದಂತೆ ಎನ್‌ಕ್ರಿಪ್ಶನ್ (ದೃಶ್ಯವನ್ನು ಗುಪ್ತಲಿಪಿಗೆ ತಿರುಗಿಸುವುದು), ಸಾಫ್ಟ್‌ವೇರ್ ಎಲ್ಲ ತಪಾಸಣೆ ಆಗಬೇಕು. ಪರೀಕ್ಷೆಗೆ ಖರ್ಚಿದೆ, ಅದು ಬೆಲೆಗೆ ಸೇರುತ್ತದೆ. ಸೇರಲಿ ಬಿಡಿ. ಅಪ್ಪ ಅಮ್ಮ ಓಡಾಡುವ ಅಂಗಳದ ದೃಶ್ಯ ಅಲ್ವಾ? ಅದಕ್ಕೆ ನಾಲ್ಕು ನೂರು ಜಾಸ್ತಿ ಕೊಟ್ಟರೆ ತಪ್ಪಿಲ್ಲ. ಹೆಸರೇ ಇಲ್ಲದ ಬಲ್ಬ್ ಕ್ಯಾಮೆರಾ ತಂದು ಮನೆಯೊಳಗೆ ಹಾಕಬೇಡಿ.

ಅಂಗಡಿಗೆ ಹೋದರೆ ಬೆಲೆಗಿಂತ ಮೊದಲು ಇಷ್ಟು ಕೇಳಿ: ಯಾವ ಸಿಮ್ ಆದರೂ ನಡೆಯುತ್ತಾ, ಚಂದಾ ಕಟ್ಟದಿದ್ದರೂ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತಾ, ಬ್ಯಾಟರಿ ಹೋದರೆ ಬೇರೆ ಹಾಕಿಕೊಡುತ್ತೀರಾ, ಮಳೆಗಾಲದಲ್ಲಿ ಕೆಟ್ಟರೆ ಮನೆಗೆ ಬರುವವರು ಯಾರು?