ಬಾಳೆನಾರಿನ ಅಳತೆ

ತಂಗಿ ನಾಳೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾಳೆ. ಶಿರಸಿಯ ಮನೆ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ ವಾಸನೆ, ಹಲಸಿನ ಹಪ್ಪಳದ ಕಟ್ಟು.

ಆಯಿ ಹೂ ಕಟ್ಟುತ್ತಾ ಕೂತಿದ್ದವಳು ಎಷ್ಟು ದೂರ ಅಂತ ಕೇಳಿದಳು. ಬೆಂಗಳೂರಿಂದ ಸುಮಾರು 14,000 ಕಿಲೋಮೀಟರ್, ನೇರ ವಿಮಾನವಾದರೆ 16-17 ಗಂಟೆ ಅಂದೆ. ತಲೆಗೆ ಹೋಗಲಿಲ್ಲ. ಮಗನ ಗ್ಲೋಬ್ ತಂದು, ಅವಳ ಕೈಯಲ್ಲಿದ್ದ ಬಾಳೆನಾರನ್ನೇ ಬೆಂಗಳೂರಿಂದ ಅಲ್ಲಿಗೆ ಹಿಡಿದೆ. ಮೊದಲು ಜಪಾನ್ ಕಡೆಯಿಂದ ಅಡ್ಡಡ್ಡ ಹಿಡಿದಿದ್ದೆ, ನಾರು ಸಡಿಲ. ಬಿಗಿಯಾಗಿ ಎಳೆದೆ ನೋಡಿ, ಜಾರಿ ಜಾರಿ ಮೇಲೆ ಹೋಗಿ ರಷ್ಯಾದ ಉತ್ತರದ ತುದಿಯಲ್ಲಿ ನಿಂತಿತು!

ಸುಮ್ನೆ ಆಟ ಅಲ್ಲ, ಬಿಗಿದ ನಾರು ತೋರಿಸೋದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಹೆಣ್ಣುಮಕ್ಕಳೇ ಸೇರಿ ಅಲ್ಲಿಂದ ಬೆಂಗಳೂರಿಗೆ ವಿಮಾನ ಹಾರಿಸಿಕೊಂಡು ಬಂದದ್ದಂತೂ ಇನ್ನೂ ಮೇಲೆ, ಉತ್ತರ ಧ್ರುವದ ಮೇಲಿಂದಲೇ.

ಮಜಾ ಏನಂದ್ರೆ ಗಡಿಯಾರ. ಮಧ್ಯಾಹ್ನ ಇಲ್ಲಿ ಹತ್ತಿದವರು ಅದೇ ದಿನ ಸಂಜೆ ಅಲ್ಲಿ ಇಳಿಯಬಹುದು, ಅಲ್ಲಿನ ಹೊತ್ತು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ (ಚಳಿಗಾಲದಲ್ಲಿ ಇನ್ನೊಂದು ಗಂಟೆ ಜಾಸ್ತಿ). ಇದನ್ನೇ ಹೇಳಿದ್ದು ತಪ್ಪಾಯ್ತು.

"ಹಂಗಾದ್ರೆ ನಾಲ್ಕೇ ತಾಸು! ಶಿರಸಿ ಬಸ್ಸಿಗಿಂತ ಬೇಗ ಆತಲ್ಲೋ," ಅಂದಳು ಆಯಿ. ಬೆಂಗಳೂರಿನ ರಾತ್ರಿ ಬಸ್ಸಲ್ಲಿ ಸೊಂಟ ಹಿಡಿಸಿಕೊಂಡವಳು, ಏನು ಹೇಳೋದು.

ನಾರು ವಾಪಸ್ ಇಸ್ಕೊಂಡು ಮಲ್ಲಿಗೆ ಕಟ್ಟತೊಡಗಿದಳು.