ಕ್ಲಿಪ್ ಹಾಕಿಸಿಕೊಂಡ ಮೇಲೆ ಮಂಡ್ಯದ ಊಟ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ರಾಗಿಮುದ್ದೆಗಿಂತ ಒಳ್ಳೆಯ ಊಟ ಇನ್ನೊಂದಿಲ್ಲ. ವೈರ್ ಬಿಗಿ ಮಾಡಿಸಿಕೊಂಡು ಬಂದ ಮಾರನೇ ದಿನ ಇಡ್ಲಿ ಕಚ್ಚಿದರೂ ಹಲ್ಲಿನ ಬುಡ ಜುಮ್ಮೆನ್ನುತ್ತದೆ. ಮುದ್ದೆಯನ್ನು ನಾವು ಅಗಿಯುವುದೇ ಇಲ್ಲವಲ್ಲ! ತುತ್ತು ಮುರಿದು, ಉಪ್ಸಾರಿಗೋ ಬಸ್ಸಾರಿಗೋ ಅದ್ದಿ ನುಂಗಿದರೆ ಆಯಿತು. ನನಗೆ ಕೊಟ್ಟ ಚೀಟಿಯಲ್ಲಿ ಗಂಜಿ, ಸೂಪು, ಮೊಸರನ್ನ ಅಂತ ಬರೆದಿತ್ತು, ಮುದ್ದೆಯ ಹೆಸರಿರಲಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರಿಗೆ ನಾನೇ ಹೇಳಿ ಬಂದೆ.

ನಾನು ಮಂಡ್ಯದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೂವತ್ತು ದಾಟಿದ ಮೇಲೆ ಕ್ಲಿಪ್ ಹಾಕಿಸುತ್ತೇನೆ ಅಂದಾಗ ನಮ್ಮತ್ತೆ, ‘ಈ ವಯಸ್ನಲ್ಲಿ ಹಲ್ಗೆ ತಂತಿ ಯಾಕವ್ವಾ, ಯಾರೇನಂದ್ರು ನಿನ್ ಹಲ್ಲಿಗೆ?’ ಅಂದರು. ಯಾರೂ ಏನೂ ಅಂದಿರಲಿಲ್ಲ. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ, ಸಂದಿಗೆ ಬ್ರಷ್ ಹೋಗದೆ ಗಾರೆ ಕಟ್ಟಿ, ಉಜ್ಜಿದಾಗಲೆಲ್ಲ ಒಸಡಿನಲ್ಲಿ ರಕ್ತ ಬರುತ್ತಿತ್ತು. ಮೊದಲು ಹಲ್ಲು ಕ್ಲೀನ್ ಮಾಡಿ, ಒಸಡು ವಾಸಿಯಾದ ಮೇಲೆ ಎಕ್ಸ್‌ರೇ ತೆಗೆದು, ಆಮೇಲಷ್ಟೇ ಕ್ಲಿಪ್ ಅಂಟಿಸಿದರು. ಒಸಡೂ ಮೂಳೆಯೂ ಚೆನ್ನಾಗಿದ್ದರೆ ದೊಡ್ಡವರೂ ಹಾಕಿಸಿಕೊಳ್ಳಬಹುದು. ಇದನ್ನು ಅತ್ತೆಗೂ ಹೇಳಿದೆ, ಓದುತ್ತಿರುವ ನಿಮಗೂ ಹೇಳುತ್ತಿದ್ದೇನೆ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: ‘ಮಿಸ್, ಹಲ್ಲು ಮೂಳೆ ಒಳಗೆ ಗಟ್ಟಿಯಾಗ್ ನಿಂತಿರ್ತದಲ್ಲ, ಹೆಂಗ್ ಜರುಗ್ತದೆ?’ ಎಂಥಾ ಪ್ರಶ್ನೆ! ಅವತ್ತಿನ ಪಾಠ ಪಕ್ಕಕ್ಕಿಟ್ಟು ಬೋರ್ಡಿನ ಮೇಲೆ ಬೇರಿನ ಚಿತ್ರ ಬರೆದೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳ್ಳಗಿನ ನಾರಿನ ಪದರವೊಂದಿದೆ. ವೈರ್ ಹಲ್ಲನ್ನು ಯಾವ ಕಡೆ ಒತ್ತುತ್ತದೋ ಆ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಬಂದು ಸೇರುತ್ತವೆ, ಎದುರು ಕಡೆ ಇನ್ನೊಂದು ಬಗೆಯ ಕೋಶಗಳು ಹೊಸ ಮೂಳೆ ಕಟ್ಟುತ್ತವೆ. ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್, ಅಷ್ಟೇ ಜರುಗುವುದು. ಆತುರಕ್ಕೆ ಬಿದ್ದು ಜೋರಾಗಿ ಎಳೆದರೆ ಬೇರಿಗೇ ಪೆಟ್ಟು. ಶುರುವಿನಲ್ಲಿ ಹಾಕುವ ಸಣ್ಣ ವೈರ್ ನಿಕಲ್ ಮತ್ತು ಟೈಟಾನಿಯಂ ಬೆರೆತದ್ದು. ಸೊಟ್ಟ ಹಲ್ಲಿನ ಜೊತೆ ತಾನೂ ಬಾಗಿ, ನಿಧಾನವಾಗಿ ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಹಲ್ಲನ್ನೂ ಎಳೆದುಕೊಂಡು ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಜಾರ್ಜ್ ಆಂಡ್ರಿಯಾಸನ್ ಇದನ್ನು ಹಲ್ಲಿನ ಚಿಕಿತ್ಸೆಗೆ ತಂದರು. ನನ್ನ ಬಾಯಲ್ಲೇ ಇದೆಲ್ಲ ನಡೆಯುತ್ತಿದೆ ಅಂದಾಗ ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡಿದರು.

ಡಾಕ್ಟರ ಕೆಲಸ ತಿಂಗಳಿಗೆ ಅರ್ಧ ಗಂಟೆ. ಉಳಿದದ್ದೆಲ್ಲ ನಮ್ಮದೇ, ಅದರಲ್ಲಿ ಮುಕ್ಕಾಲು ಪಾಲು ತೊಳೆಯುವ ಕೆಲಸ. ಕನ್ನಡಿ ಮುಂದೆ ನಿಂತು ಮೊದಲು ಬರೀ ನೀರಿನಲ್ಲಿ ಜೋರಾಗಿ ಬಾಯಿ ಮುಕ್ಕಳಿಸುತ್ತೇನೆ, ಸಿಕ್ಕಿಕೊಂಡ ಸೊಪ್ಪಿನ ಎಳೆ ಅಲ್ಲೇ ಅರ್ಧ ಹೋಗುತ್ತದೆ. ಮೆತ್ತನೆಯ ಬ್ರಷ್ಷನ್ನು ಮೇಲಿನಿಂದ ಓರೆಯಾಗಿ ಹಿಡಿದು ಒಸಡಿಗೂ ಬ್ರ್ಯಾಕೆಟ್ಟಿಗೂ (ವೈರ್ ಹಿಡಿದಿಡಲು ಹಲ್ಲಿಗೆ ಅಂಟಿಸಿದ ಪುಟ್ಟ ಚೌಕ) ನಡುವಿನ ಜಾಗ, ಆಮೇಲೆ ಕೆಳಗಿನಿಂದ ಓರೆ ಮಾಡಿ ಬ್ರ್ಯಾಕೆಟ್ಟಿನ ಅಡಿ. ಕೊನೆಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಪುಟ್ಟ ಬ್ರಷ್ಷನ್ನು ವೈರಿನ ಹಿಂದೆ ತೂರಿಸಿ, ಎರಡು ಬ್ರ್ಯಾಕೆಟ್ಟಿನ ನಡುವೆ ಮೇಲೆ ಕೆಳಗೆ ಆಡಿಸಬೇಕು. ಉಜ್ಜಿಯಾಯಿತು ಅಂದುಕೊಂಡ ಮೇಲೂ ಈ ಬ್ರಷ್ಷಿನ ತುದಿಗೆ ಬೆಳ್ಳಗೆ ಪಾಚಿ ಹತ್ತಿಕೊಂಡು ಬರುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರದ ಖನಿಜವನ್ನು ಕರಗಿಸುತ್ತದೆ. ಹಾಗೇ ಬಿಟ್ಟರೆ ಕ್ಲಿಪ್ ತೆಗೆದ ದಿನ ಬ್ರ್ಯಾಕೆಟ್ ಇದ್ದ ಚೌಕ ಮಾತ್ರ ನುಣ್ಣಗಿದ್ದು, ಸುತ್ತಲೂ ಸೀಮೆಸುಣ್ಣ ಬಳಿದ ಹಾಗೆ ಬಿಳಿ ಕಲೆ ಉಳಿದಿರುತ್ತದೆ. ಹಲ್ಲು ಸಾಲಾಗಿ ನಿಂತೂ ಹಾಳಾಗಿರುತ್ತದೆ. ಅದಕ್ಕೇ ಫ್ಲೋರೈಡ್ ಇರುವ ಪೇಸ್ಟೇ ಬೇಕು. ಮಾವನವರ ಬೇವಿನ ಕಡ್ಡಿ ಈಗ ನನಗಾಗದು. ಮಧ್ಯಾಹ್ನ ಊಟವಾದ ಮೇಲೆ ಶಾಲೆಯ ನಲ್ಲಿ ಹತ್ತಿರ ನಾನು ಹಲ್ಲುಜ್ಜುವುದು ಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ.

ಬಿಡಬೇಕಾದದ್ದರಲ್ಲಿ ಮನಸ್ಸಿಗೆ ನಾಟಿದ್ದು ಕಬ್ಬು. ಗದ್ದೆ ಬದುವಿನಲ್ಲಿ ಕೂತು ಹಲ್ಲಲ್ಲೇ ಸಿಪ್ಪೆ ಸಿಗಿದು ತಿಂದು ಬೆಳೆದವಳು ನಾನು. ಈಗ ಆಲೆಮನೆಗೆ ಹೋದರೆ ಕಬ್ಬಿನ ಹಾಲು ಕುಡಿದು, ತಕ್ಷಣ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತೇನೆ. ಮದ್ದೂರು ವಡೆ, ನಿಪ್ಪಟ್ಟು, ಕೋಡುಬಳೆ ಯಾವುದನ್ನೂ ಮುಟ್ಟುವುದಿಲ್ಲ, ಒಂದೇ ಕಡಿತಕ್ಕೆ ಬ್ರ್ಯಾಕೆಟ್ ಕಿತ್ತು ಬರಬಹುದು. ಸಂಕ್ರಾಂತಿಗೆ ಅತ್ತೆ ನನ್ನ ಪಾಲಿನ ಎಳ್ಳುಬೆಲ್ಲವನ್ನು ಒರಳಿಗೆ ಹಾಕಿ ಕುಟ್ಟಿ ಪುಡಿ ಮಾಡಿಕೊಟ್ಟರು. ಕೊಬ್ಬರಿ, ಕಡ್ಲೆಬೀಜ, ಬೆಲ್ಲ ಎಲ್ಲ ಬೆರೆತು ಎಷ್ಟು ಚೆನ್ನಾಗಿತ್ತು ಅಂದರೆ ಮನೆಯವರೆಲ್ಲ ಅದನ್ನೇ ಕೇಳಿದರು. ನಾಟಿಕೋಳಿ ಸಾರಿನ ಚೂರನ್ನು ಮೂಳೆಯಿಂದ ಕೈಯಲ್ಲೇ ಬಿಡಿಸಿಕೊಂಡು ತಿನ್ನುತ್ತೇನೆ. ಇನ್ನು ಅರಿಶಿನ. ಬ್ರ್ಯಾಕೆಟ್ಟಿಗೆ ಸುತ್ತುವ ಪಾರದರ್ಶಕ ರಬ್ಬರ್ ನಮ್ಮ ಸಾರಿಗೆ ಬೇಗನೆ ಹಳದಿಯಾಗುತ್ತದೆ. ಬೂದಿ ಬಣ್ಣದ್ದೋ ಕಡುನೀಲಿಯದೋ ಹಾಕಿಸಿಕೊಳ್ಳಿ.

ವೈರಿನ ತುದಿ ಕೆನ್ನೆಗೆ ಚುಚ್ಚಿದರೆ ಮನೆಯಲ್ಲಿ ಕತ್ತರಿಸಲು ಹೋಗಬೇಡಿ. ಆ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ಕ್ಲಿನಿಕ್ಕಿನಲ್ಲಿ ಕೊಡುವ ಮೇಣವನ್ನು ಕಡಲೆಕಾಳಿನಷ್ಟು ಉಂಡೆ ಮಾಡಿ ಒತ್ತಿ, ಡಾಕ್ಟರಿಗೆ ಫೋನ್ ಮಾಡಿ. ಒದ್ದೆ ಇದ್ದರೆ ಮೇಣ ಹಿಡಿಯುವುದಿಲ್ಲ.

ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೇ ವಾಲುತ್ತದೆ. ನನ್ನ ಸರದಿ ಇನ್ನೂ ಬಂದಿಲ್ಲ. ಅಷ್ಟರೊಳಗೆ ನಮ್ಮ ಶಾಲೆಯ ಹುಡುಗಿಯೊಬ್ಬಳ ಅಮ್ಮ ಬಂದು, ‘ಮಿಸ್, ನಮ್ಮ ಮಗೀಗೂ ಹಾಕುಸ್ಬೇಕು, ಎಲ್ಲಿಗ್ ಹೋಗದು?’ ಅಂದರು. ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಿಭಾಗವಿದೆ, ಅಲ್ಲಿ ಒಮ್ಮೆ ತೋರಿಸಿ, ಖರ್ಚು ವಿಚಾರಿಸಿಕೊಂಡು ತೀರ್ಮಾನ ಮಾಡಿ ಅಂದೆ. ಹೋಗುವವರೆಗೂ ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿಸಿ ಅಂತಲೂ ಹೇಳಿದ್ದೇನೆ. ಮುಂದಿನ ತಿಂಗಳು ನಾನು ವೈರ್ ಬದಲಾಯಿಸಲು ಹೋಗುವ ದಿನ ತಾಯಿ ಮಗಳಿಬ್ಬರೂ ನನ್ನ ಜೊತೆಗೇ ಮೈಸೂರಿನ ರೈಲು ಹತ್ತುತ್ತಾರೆ.