ಬ್ಯಾನ್‌ಶೀ 350ಕ್ಕೆ 28 ಎಂಎಂ ಕಾರ್ಬ್: ಜೆಟ್ ಹೊಂದಿಸಿದ ದಿನಚರಿ

ಗಾಡಿ ಈಗಿರುವ ಸ್ಥಿತಿ

ಯಮಹಾ ಬ್ಯಾನ್‌ಶೀ, ನಾಲ್ಕು ಚಕ್ರದ ಕ್ವಾಡ್ ಗಾಡಿ (ಎಟಿವಿ), 347 ಸಿಸಿ, ಅವಳಿ ಸಿಲಿಂಡರ್ ಟೂ-ಸ್ಟ್ರೋಕ್. ಬೋರ್ (ಸಿಲಿಂಡರ್‌ನ ಒಳವ್ಯಾಸ) 64, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 54 ಎಂಎಂ. ರಾಜದೂತ್ 350 ಬಿಚ್ಚಿ ಜೋಡಿಸಿದವರಿಗೆ ಈ ಎರಡು ಅಂಕಿ ಬಾಯಿಪಾಠ, ಅದರದ್ದೂ ಇದೇ ಅಳತೆ. ಇದುವರೆಗೆ ಆಗಿರುವ ಬದಲಾವಣೆ: ಹದವಾದ ಪೋರ್ಟಿಂಗ್ (ಸಿಲಿಂಡರ್‌ನ ಗಾಳಿ ದಾರಿ ಹಿಗ್ಗಿಸುವುದು), ಎಕ್ಸ್‌ಪ್ಯಾನ್ಶನ್ ಪೈಪ್ (ಟೂ-ಸ್ಟ್ರೋಕ್‌ನ ಉಬ್ಬಿದ ಹೊಗೆ ಕೊಳವೆ) ಜೋಡಿ, ಪಾಡ್ ಫಿಲ್ಟರ್, ಹೊಸ ರೀಡ್ ಕೇಜ್ (ಒಳಬಂದ ಗಾಳಿ ಹಿಂದಿರುಗದಂತೆ ತಡೆಯುವ ಕವಾಟ). ಓಡುವ ಜಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲೇಮಿಸ್ ಮರಳು ದಿಬ್ಬಗಳು. ಎತ್ತರ ಕಡಿಮೆ, ಎಂಜಿನ್ ಮೇಲೆ ಬೀಳುವ ಹೊರೆ ಮಾತ್ರ ವಿಪರೀತ.

ಕಾರ್ಬ್ ಆಯ್ಕೆ

ಕಾರ್ಬ್ ಅಂದರೆ ಕಾರ್ಬ್ಯುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ; ಜೆಟ್ ಅಂದರೆ ಅದರೊಳಗೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತಿರುಪು. ಕಂಪನಿಯಿಂದ ಬಂದದ್ದು ಮಿಕುನಿ 26 ಎಂಎಂ ಜೋಡಿ, 200ರ ಮೇನ್ (ಪೂರ್ತಿ ಥ್ರಾಟಲ್‌ನ ಜೆಟ್), 25ರ ಪೈಲಟ್ (ಐಡಲ್‌ನ ಜೆಟ್). ಅದರ ಜಾಗಕ್ಕೆ ಕೀಹಿನ್ ಪಿಡಬ್ಲ್ಯೂಕೆ 28. ಇಷ್ಟೇ ಪೋರ್ಟಿಂಗ್‌ಗೆ 33, 35 ಹಾಕಿಸುವವರೂ ಇದ್ದಾರೆ. ಅದು ಡ್ರ್ಯಾಗ್ ಎಂಜಿನ್‌ಗೆ ಸರಿ, ಇಲ್ಲಿಗಲ್ಲ. ಬಾಯಿ ದೊಡ್ಡದಾದಷ್ಟೂ ಗಾಳಿಯ ವೇಗ ಇಳಿಯುತ್ತದೆ, ಜೆಟ್‌ನಿಂದ ಪೆಟ್ರೋಲ್ ಎಳೆಯುವ ಶಕ್ತಿ ಕುಗ್ಗುತ್ತದೆ. ದಿಬ್ಬದ ಬುಡದಲ್ಲಿ ಥ್ರಾಟಲ್ ಒತ್ತಿದ ತಕ್ಷಣ ಎಂಜಿನ್ ಉಸಿರುಗಟ್ಟಿದಂತೆ ಕುಸಿಯುತ್ತದೆ. ಆ ಕುಸಿತವನ್ನು ಜೆಟ್ ಬದಲಿಸಿ ಪೂರ್ತಿ ಮುಚ್ಚಲು ಆಗುವುದಿಲ್ಲ.

ಎರಡು ಕಂಪನಿಗಳ ಜೆಟ್ ನಂಬರ್ ಒಂದಕ್ಕೊಂದು ತಾಳೆಯಾಗುವುದಿಲ್ಲ. ಈ ಮಿಕುನಿಯ ಷಟ್ಕೋನ ಜೆಟ್‌ನ ನಂಬರ್ ಹರಿವಿನ ಲೆಕ್ಕ. ಕೀಹಿನ್ ಮೇನ್ ಜೆಟ್‌ನದ್ದು ಹೆಚ್ಚುಕಡಿಮೆ ರಂಧ್ರದ ವ್ಯಾಸ, 145 ಅಂದರೆ 1.45 ಎಂಎಂ. 200 ಇದ್ದ ಕಡೆ 145 ಕಂಡು ಗಾಬರಿಯಾಗಬೇಕಿಲ್ಲ. ನಕಲಿ ಜೆಟ್‌ಗಳಲ್ಲಿ ಬರೆದ ನಂಬರ್ ಒಂದು, ಇರುವ ರಂಧ್ರ ಇನ್ನೊಂದು. ಅಸಲಿ ಜೆಟ್ ಮಾತ್ರ ತನ್ನಿ, ಡ್ರಿಲ್ ಹಾಕಿ ರಂಧ್ರ ಹಿಗ್ಗಿಸಬೇಡಿ.

ಮೊದಲ ದಿನ: ಲೀಕ್ ಟೆಸ್ಟ್

ಇದನ್ನು ಮಾಡದೆ ಜೆಟ್ ಡಬ್ಬಿ ತೆರೆಯಲೇಬಾರದು. ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಬಿರಡೆ ಹಾಕಿ ಮುಚ್ಚಿ, 6 ಪಿಎಸ್‌ಐ ಗಾಳಿ ತುಂಬಿ, 6 ನಿಮಿಷ ಗೇಜ್‌ನ ಮುಳ್ಳು ನೋಡುವುದು. ಮುಳ್ಳು ಇಳಿದರೆ ಸೋಪಿನ ನೀರು: ಕ್ರ್ಯಾಂಕ್‌ನ ಎರಡೂ ತುದಿಯ ಸೀಲ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ರೀಡ್ ಕೇಜ್, ಇನ್‌ಟೇಕ್ ರಬ್ಬರ್. ಇಲ್ಲಿ ನೊರೆ ಎದ್ದದ್ದು ಎರಡು ಇನ್‌ಟೇಕ್ ರಬ್ಬರ್‌ಗಳನ್ನು ಜೋಡಿಸುವ ಅಡ್ಡ ಕೊಳವೆಯಲ್ಲಿ, ಕೂದಲೆಳೆಯಷ್ಟು ಬಿರುಕು. ಕೊಳವೆ ಬದಲಾಯಿತು, ಮುಳ್ಳು ನಿಂತಿತು. ಬಿರುಕು ಹಾಗೆಯೇ ಉಳಿದಿದ್ದರೆ ಪೈಲಟ್ ದೊಡ್ಡದು ಮಾಡುತ್ತಾ ಹೋಗಿ, ಕಾಯಿಲೆ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತಾಗುತ್ತಿತ್ತು.

ಸ್ಲೈಡ್ ಹೊಂದಾಣಿಕೆ

ಕಂಪನಿಯ ಥ್ರಾಟಲ್ ಓವರ್‌ರೈಡ್ ವ್ಯವಸ್ಥೆ (ಥ್ರಾಟಲ್ ಸಿಕ್ಕಿಕೊಂಡರೆ ಎಂಜಿನ್ ತಗ್ಗಿಸುವ ಸುರಕ್ಷತಾ ಸಾಧನ) ಹಳೆಯ ಕಾರ್ಬ್‌ನ ತಲೆಯ ಮೇಲೆ ಕೂತಿತ್ತು, ಅದು ಹೋಯಿತು. ಪಿಡಬ್ಲ್ಯೂಕೆಗೆ ತನ್ನದೇ ಐಡಲ್ ಸ್ಕ್ರೂ ಇದೆ. ಆ ವ್ಯವಸ್ಥೆಯ ವೈರಿಂಗನ್ನೂ ಬಿಡಿಸಲೇಬೇಕು, ಇಲ್ಲದಿದ್ದರೆ ಅದು ಇಗ್ನಿಷನ್ ತಡೆದು ಎಂಜಿನ್ ಏರಲು ಬಿಡುವುದಿಲ್ಲ. ಎರಡೂ ಸ್ಲೈಡ್ (ಥ್ರಾಟಲ್ ಒತ್ತಿದಾಗ ಮೇಲೆದ್ದು ಕಾರ್ಬ್‌ನ ಬಾಯಿ ತೆರೆಯುವ ಭಾಗ) ಕೆಳಗೆ ಒಂದೊಂದು 3 ಎಂಎಂ ಡ್ರಿಲ್ ಬಿಟ್ ಇಟ್ಟು, ಥ್ರಾಟಲ್ ಮೆಲ್ಲಗೆ ಒತ್ತಿದಾಗ ಎರಡೂ ಒಂದೇ ಕ್ಷಣಕ್ಕೆ ಸಡಿಲವಾಗುವಂತೆ ಕೇಬಲ್ ಹೊಂದಿಸಿದ್ದು.

ಎರಡನೇ ದಿನ: ಪೈಲಟ್

ಪೆಟ್ರೋಲ್-ಆಯಿಲ್ 32:1, ಲೀಟರ್‌ಗೆ 31 ಎಂಎಲ್. ಈ ಅನುಪಾತ ಮುಂದೆ ಬದಲಿಸಿದರೆ ಜೆಟ್ ಮತ್ತೆ ನೋಡಬೇಕು. ಆಯಿಲ್ ಹೆಚ್ಚಿಸಿದರೆ ಅಷ್ಟು ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಆಗುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಸ್ಕ್ರೂ ತಿರುಗಿಸಿ ಐಡಲ್ ಅತಿ ಹೆಚ್ಚಾಗುವ ಜಾಗ ಹುಡುಕುವುದು, ಒಂದೊಂದು ಕಾರ್ಬ್‌ಗೆ ಬೇರೆಬೇರೆ. 45ರ ಪೈಲಟ್‌ನಲ್ಲಿ ಆ ಜಾಗ ಸಿಕ್ಕಿದ್ದು ಪೂರ್ತಿ ಬಿಗಿದಲ್ಲಿಂದ ಅರ್ಧ ಸುತ್ತು ಬಿಚ್ಚಿದಾಗ. ಒಂದು ಸುತ್ತಿಗಿಂತ ಕಡಿಮೆ ಅಂದರೆ ಪೈಲಟ್ ಚಿಕ್ಕದು. ಎರಡೂವರೆ ದಾಟಿದರೆ ದೊಡ್ಡದು. ಥ್ರಾಟಲ್ ಬಿಟ್ಟಾಗ ಐಡಲ್ ಇಳಿಯದೆ ಮೇಲೆಯೇ ತೂಗಾಡಿದ್ದೂ ಇದಕ್ಕೆ ಸಾಕ್ಷಿ. 48 ಹಾಕಿದ ಮೇಲೆ ಒಂದೂವರೆ ಸುತ್ತು, ಐಡಲ್ ಸರ್ರನೆ ಇಳಿಯಿತು.

ಮೂರನೇ ದಿನ: ಮೇನ್, ಆಮೇಲೆ ನೀಡಲ್

ಹೆಬ್ಬೆರಳ ಥ್ರಾಟಲ್ ಪಕ್ಕ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ಯಾವ ಜೆಟ್ ಕೆಲಸ ಮಾಡುತ್ತಿದೆ ಎಂದು ಹೇಳುವುದು ಥ್ರಾಟಲ್ ತೆರೆದ ಪ್ರಮಾಣ, ಆರ್‌ಪಿಎಂ ಅಲ್ಲ. ಈ ಒಂದು ವಿಷಯದಲ್ಲಿ ಎಡವಿ ಹಾಳಾಗುವ ಪಿಸ್ಟನ್‌ಗಳೇ ಹೆಚ್ಚು.

ಮಧ್ಯಾಹ್ನ 22 ಡಿಗ್ರಿ. ಮೊದಲು ಹಾಕಿದ್ದು 152, ಪೂರ್ತಿ ಥ್ರಾಟಲ್‌ನಲ್ಲಿ ಗೊರಗೊರ ಶಬ್ದ. 148ರಲ್ಲಿ ಶಬ್ದ ಸ್ವಚ್ಛ, ಪ್ಲಗ್ ಇನ್ನೂ ಕಪ್ಪು. 145ಕ್ಕೆ ಬಂದು ಪ್ಲಗ್ ಪರೀಕ್ಷೆ: ಹೊಸ ಎನ್‌ಜಿಕೆ ಬಿಆರ್8ಇಎಸ್ ಎರಡು, ನಾಲ್ಕನೇ ಗೇರ್, ಏರುದಿಬ್ಬದಲ್ಲಿ ಪೂರ್ತಿ ಥ್ರಾಟಲ್ 8ರಿಂದ 10 ಸೆಕೆಂಡ್, ಕ್ಲಚ್ ಮತ್ತು ಕಿಲ್ ಸ್ವಿಚ್ ಒಟ್ಟಿಗೆ. ಐಡಲ್‌ನಲ್ಲಿ ವಾಪಸ್ ಓಡಿಸಿಕೊಂಡು ಬಂದ ಪ್ಲಗ್ ಏನನ್ನೂ ಹೇಳುವುದಿಲ್ಲ. ಪ್ಲಗ್‌ನ ಥ್ರೆಡ್ ಇರುವ ಭಾಗವನ್ನು ಹ್ಯಾಕ್ಸಾದಿಂದ ಕೊಯ್ದು ಪೊರ್ಸಲೀನ್‌ನ ಬುಡ ನೋಡಬೇಕು, ತುದಿಯ ಬಣ್ಣ ನಂಬಬಾರದು. ಬುಡದಲ್ಲಿ ಕಾಫಿ ಬಣ್ಣದ ತೆಳು ಉಂಗುರ ಎರಡೂ ಕಡೆ ಬಂತು. ಸಾಕು. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ, ಅಥವಾ ಅಲ್ಯೂಮಿನಿಯಂ ಚುಕ್ಕೆ ಕಂಡರೆ, ಅಲ್ಲಿಗೆ ನಿಲ್ಲಿಸಿ ದೊಡ್ಡ ಜೆಟ್ ಹಾಕಿ. 142 ಪ್ರಯತ್ನಿಸಲಿಲ್ಲ. ಮರಳಿನಲ್ಲಿ ಪ್ಯಾಡಲ್ ಟೈರ್ ಎಳೆಯುವಾಗ ಎಂಜಿನ್‌ಗೆ ಬಿಡುವೇ ಇರುವುದಿಲ್ಲ, ಒಂದು ಗುಟುಕು ಪೆಟ್ರೋಲ್ ಹೆಚ್ಚೇ ಇರಲಿ.

ನೀಡಲ್ (ಸ್ಲೈಡ್‌ಗೆ ತೂಗುವ ಸೂಜಿ) ಕ್ಲಿಪ್ ಮೇಲಿಂದ ನಾಲ್ಕನೇ ಕಚ್ಚಿನಲ್ಲಿದ್ದಾಗ ಅರ್ಧ ಥ್ರಾಟಲ್‌ನಲ್ಲಿ ಮಿಸ್ಸಿಂಗ್, ಎರಡನೆಯದರಲ್ಲಿ ಗಾಡಿ ಹಿಂದೆ ಮುಂದೆ ಜಗ್ಗಿತು, ಮೂರನೆಯದಕ್ಕೆ ನಿಂತಿದೆ. ಅರ್ಧ ಥ್ರಾಟಲ್‌ನಲ್ಲಿ ಮೈಲಿಗಟ್ಟಲೆ ಓಡುವಾಗ ಮೇನ್ ಎಷ್ಟು ದೊಡ್ಡದಿದ್ದರೂ ಪೆಟ್ರೋಲ್ ಅಳೆದು ಕೊಡುವುದು ನೀಡಲ್ಲೇ.

ಜೆಟ್ ತಪ್ಪಲ್ಲದ ತಪ್ಪು

ಉದ್ದ ಏರಿನಲ್ಲಿ ಹತ್ತು ಸೆಕೆಂಡ್ ಚೆನ್ನಾಗಿ ಎಳೆದು ಆಮೇಲೆ ಸಾಯುತ್ತಿದ್ದರೆ ಬೌಲ್ (ಕಾರ್ಬ್‌ನ ಪೆಟ್ರೋಲ್ ಬಟ್ಟಲು) ಖಾಲಿಯಾಗುತ್ತಿದೆ. ಟ್ಯಾಂಕ್ ಮುಚ್ಚಳದ ಗಾಳಿ ಕೊಳವೆ, ಪೆಟ್ರೋಲ್ ಕಾಕ್‌ನ ಜಾಲರಿ, ಮರಳು ತುಂಬಿದ ಬೌಲ್ ವೆಂಟ್, ಈ ಕ್ರಮದಲ್ಲಿ ನೋಡಿ.

ಮುಂದಿನ ಸಲಕ್ಕೆ

ಚಳಿಗಾಲದ ಬೆಳಗ್ಗೆ 5 ಡಿಗ್ರಿಗೆ ಗಾಳಿಯ ಸಾಂದ್ರತೆ ಸುಮಾರು 6 ಶೇಕಡ ಏರುತ್ತದೆ. ಮಿಶ್ರಣ ಅದರ ವರ್ಗಮೂಲದಂತೆ ಬದಲಾಗುವುದರಿಂದ ಒಂದೇ ಮೆಟ್ಟಿಲು ಸಾಕು, 148. ಐಡಾಹೊದ ಸೇಂಟ್ ಆಂಥನಿ ದಿಬ್ಬಗಳು ಸುಮಾರು 1500 ಮೀಟರ್ ಎತ್ತರದಲ್ಲಿವೆ; ಅಲ್ಲಿಗೆ 140ರಿಂದ ಶುರು, ಪೈಲಟ್ 45 ಜೊತೆಗಿರಲಿ. ಎರಡೂ ಜೋಡಿ ಡಬ್ಬಿಯಲ್ಲಿವೆ, ಪ್ಲಗ್ ಪರೀಕ್ಷೆ ಅಲ್ಲಿ ಹೋಗಿಯೇ ಆಗಬೇಕು.